ಎಣ್ಣೆ ಒಣಗಲಿ, ಆಮೇಲೆ ಮಾರೋಣ

ಪುಣೆಯಲ್ಲಿ ರಜೆಯ ದಿನ ಲೇಥ್ ಮುಂದೆ ನಿಂತು ಮರದ ಬಟ್ಟಲು ಕಡೆಯುವ ಕನ್ನಡದ ಎಲ್ಲ ಗೆಳೆಯ ಗೆಳತಿಯರಿಗೆ,

ನಿಮ್ಮಲ್ಲಿ ಹೆಚ್ಚಿನವರು ಹಿಂಜವಡಿ, ಖರಾಡಿ ಕಡೆ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು. ವಾರವಿಡೀ ಮುಟ್ಟಲಿಕ್ಕೆ ಸಿಗದ ಕೆಲಸ ಮಾಡಿ, ಶನಿವಾರ ಬಂತೆಂದರೆ ಬಾಲ್ಕನಿಯಲ್ಲೋ ಪಾರ್ಕಿಂಗಿನ ಮೂಲೆಯಲ್ಲೋ ಇಟ್ಟುಕೊಂಡ ಪುಟ್ಟ ಲೇಥ್ ಚಾಲೂ ಮಾಡುತ್ತೀರಿ. ಒಳ್ಳೆಯದೇ. ನಾನು ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಉಕ್ಕು ಕಡೆದು ನಿವೃತ್ತನಾದವನು, ಮೂಲ ವಿಜಯಪುರದ ಕಡೆಯವನು. ಮರಕ್ಕೆ ಕೈ ಹಚ್ಚಿದ್ದು ನಿವೃತ್ತಿಯ ಮೇಲೆ. ಹಾಗಾಗಿ ಮರದ ಗುಣದ ಬಗ್ಗೆ ಹಿರಿಯ ಬಡಗಿಗಳು ಏನು ಹೇಳಿದರೂ ತಲೆ ಬಾಗಿಸಿ ಕೇಳುತ್ತೇನೆ. ಉಜ್ಜುವ ವಿಷಯ ಬಂದಾಗ ಮಾತ್ರ ನನಗೂ ಸ್ವಲ್ಪ ಗೊತ್ತು ಎಂಬ ಜಂಬ ಉಂಟು, ಅದನ್ನು ಸಹಿಸಿಕೊಳ್ಳಿ.

ದೀಪಾವಳಿಗೆ ಮುಂಚೆ ಊರ ತುಂಬ ನಡೆಯುವ ಪ್ರದರ್ಶನ–ಮಾರಾಟಗಳಲ್ಲಿ ನಿಮ್ಮ ಬಟ್ಟಲುಗಳನ್ನು ಕೈಗೆತ್ತಿಕೊಂಡು ನೋಡುತ್ತೇನೆ. ಆಕಾರ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ. ಅಂಚು ತೆಳುವಾಗಿದೆ, ತಳ ಸಮವಾಗಿ ಕೂರುತ್ತದೆ. ಆದರೆ ಒಳಗೆ ಬೆರಳಾಡಿಸಿದರೆ ಅಂಟು. ಮೂಗಿನ ಹತ್ತಿರ ತಂದರೆ ಪೇಂಟ್ ಅಂಗಡಿಯ ವಾಸನೆ. ಬೆಳಕಿಗೆ ಓರೆಯಾಗಿ ಹಿಡಿದರೆ 80 ನಂಬರ್ ಪೇಪರಿನ ಗೀರುಗಳು ಸಾಲಾಗಿ ಎದ್ದು ಕಾಣುತ್ತವೆ. ಇಷ್ಟರ ಮೇಲೆ ತಳಕ್ಕೊಂದು ‘ಫುಡ್ ಸೇಫ್’ ಚೀಟಿ. ಯಾವ ಎಣ್ಣೆ ಹಚ್ಚಿದ್ದೀರಿ ಎಂದು ಕೇಳಿದರೆ ‘ನ್ಯಾಚುರಲ್ ಆಯಿಲ್ ಅಂಕಲ್’ ಎಂಬ ಉತ್ತರ. ಸೀಮೆಎಣ್ಣೆಯೂ ಭೂಮಿಯೊಳಗಿಂದಲೇ ಬಂದದ್ದಲ್ಲವೇ!

ನನ್ನ ಕೋರಿಕೆ ಇಷ್ಟೆ. ಈ ಬಟ್ಟಲಿನಲ್ಲಿ ಯಾರೋ ಉಣ್ಣುತ್ತಾರೆ ಎಂದು ತಿಳಿದು ಅದನ್ನು ಮುಗಿಸಿ. ಎಣ್ಣೆ ಪೂರ್ತಿ ಒಣಗುವ ತನಕ ಮಾರಾಟಕ್ಕೆ ಇಡಬೇಡಿ. ಹಚ್ಚಿದ್ದು ಯಾವ ಎಣ್ಣೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ಮಾತ್ರ ಇಡೀ ವರ್ಷದ ಲೆಕ್ಕವನ್ನೇ ಬದಲಿಸಬೇಕಾಗುತ್ತದೆ.

ಯಾಕೆಂದರೆ ತಪ್ಪು ಶುರುವಾಗುವುದು ಪುಣೆಯ ಹವೆಯಲ್ಲಿ. ಇಲ್ಲಿ ಜುಲೈ–ಆಗಸ್ಟ್‌ನಲ್ಲಿ ಗಾಳಿಯ ತೇವ ಶೇ 80 ದಾಟಿರುತ್ತದೆ. ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನ ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಕಡೆದು, ಮಳೆಗಾಲದಲ್ಲೇ ಎಣ್ಣೆ ಹಚ್ಚಿ, ದೀಪಾವಳಿಗೆ ಮಾರಿದ ಬಟ್ಟಲು ಕೊಂಡವರ ಮನೆಯ ಕಪಾಟಿನಲ್ಲಿ ಶಿವರಾತ್ರಿ ಕಳೆಯುತ್ತಿದ್ದಂತೆ ಕಟ್ ಎಂದು ಸೀಳುತ್ತದೆ. ಹಸಿ ಮರವನ್ನು ಮೊದಲು ದಪ್ಪವಾಗಿಯೇ ಕಡೆದಿಡಿ. ಅಗಲದ ಹತ್ತರಲ್ಲೊಂದು ಪಾಲು ದಪ್ಪ ಬಿಡುವುದು ರೂಢಿ: 10 ಇಂಚಿನ ಬಟ್ಟಲಿಗೆ ಗೋಡೆ ಒಂದು ಇಂಚು. ಎಳೆ ಕಡಿದು ನಿಂತ ಮುಖಗಳಿಗೆ ಮೇಣ ಬಳಿದು ನೆರಳಲ್ಲಿಡಿ. ತಿಂಗಳಿಗೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೈಮೇಲೆ ಪೆನ್ಸಿಲಿನಿಂದ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಲೇಥಿಗೆ ಕಟ್ಟಿ. ಇದಕ್ಕೆ ಒಂದು ಬೇಸಿಗೆ ಬೇಕೇ ಬೇಕು.

ಮರ ಎಲ್ಲಿಂದ ತರುತ್ತೀರಿ ಎನ್ನುವುದೂ ಮುಖ್ಯ. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಸಾಗವಾನಿಯ ತುಂಡುಗಳನ್ನು ಆರಿಸಿ ತರುವವರು ಒಂದು ಸಂಗತಿ ನೆನಪಿಡಬೇಕು: ಸಾಗವಾನಿಗೆ, ಬೀಟೆಗೆ ತಮ್ಮದೇ ಜಿಡ್ಡಿನ ಅಂಶ ಇರುತ್ತದೆ, ಅದು ಮೇಲೆ ಹಚ್ಚಿದ ಎಣ್ಣೆ ಒಣಗುವುದನ್ನು ತಡೆಯುತ್ತದೆ. ಮಾವು, ಜಾಲಿ, ಶಿವನೆ ಎಣ್ಣೆಯನ್ನು ಚೆನ್ನಾಗಿ ಕುಡಿಯುತ್ತವೆ. ಮಳೆಗಾಲದಲ್ಲಿ ರಸ್ತೆಗೆ ಬೀಳುವ ಗುಲ್‌ಮೊಹರ್, ಮಳೆಮರದ ಕೊಂಬೆಗಳ ಮೇಲೆ ನಿಮಗೆಲ್ಲ ಕಣ್ಣು. ಬಿದ್ದದ್ದನ್ನು ಒಯ್ಯುವ ಮುಂಚೆ ಪಾಲಿಕೆಯ ಉದ್ಯಾನ ವಿಭಾಗದವರನ್ನು ಕೇಳಿ. ನಿಂತ ಮರಕ್ಕೆ ಅನುಮತಿಯಿಲ್ಲದೆ ಗರಗಸ ಹಾಕಿದರೆ ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಇನ್ನು ಕಣಗಿಲೆ ಮತ್ತು ಕಾಸರಕ. ಒಂದು ರಸ್ತೆ ವಿಭಜಕಗಳಲ್ಲಿ ಬೆಳೆದದ್ದು, ಇನ್ನೊಂದು ನಮ್ಮ ಪಶ್ಚಿಮ ಘಟ್ಟದ್ದು. ಎರಡೂ ವಿಷ. ಎಳೆ ಎಷ್ಟೇ ಚೆಂದವಿದ್ದರೂ ಊಟದ ಪಾತ್ರೆಗೆ ಬೇಡ.

ಈಗ ಉಜ್ಜುವ ಮಾತು.

ಪಾಲಿಶ್ ಪೇಪರಿನ ಹಿಂದೆ ಅಚ್ಚಾದ ನಂಬರ್ ಸುಮ್ಮನೆ ಹಾಕಿದ್ದಲ್ಲ. ಅದರ ಹಿಂದೆ ‘ಪಿ’ ಅಕ್ಷರವಿದ್ದರೆ ಕಾಳಿನ ಗಾತ್ರ ಯುರೋಪಿನ ಮಾನಕದ ಪ್ರಕಾರ ಇದೆ ಎಂದರ್ಥ. ಪಿ80ರ ಕಾಳು ಸರಾಸರಿ 201 ಮೈಕ್ರಾನ್. ಪಿ120ರದ್ದು 125, ಪಿ180ರದ್ದು 82, ಪಿ240ರದ್ದು 58.5, ಪಿ320ರದ್ದು 46, ಪಿ400ರದ್ದು 35. ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಿ. 80ರ ಕಾಳು ತೋಡಿದ ಗೀರಿನ ತಳವನ್ನು ಮುಟ್ಟಲು 240ರ ಕಾಳಿಗೆ ಶಕ್ತಿ ಇಲ್ಲ. ಅದು ಗೀರಿನ ಅಂಚನ್ನು ಮಾತ್ರ ನಯ ಮಾಡಿ, ಕೈಗೆ ಸಪಾಟು ಎನ್ನಿಸುವ ಹಾಗೆ ಮಾಡಿ ಹೋಗುತ್ತದೆ. ಕಣ್ಣಿಗೂ ಆಗ ಏನೂ ಕಾಣದು, ಮರದ ಧೂಳು ಗೀರಿನೊಳಗೆ ಕೂತು ಮುಚ್ಚಿರುತ್ತದೆ. ಎಣ್ಣೆ ಬಿದ್ದ ಕೂಡಲೇ ಬಣ್ಣ ಗಾಢವಾಗಿ ಗೀರು ಬಯಲಿಗೆ ಬರುತ್ತದೆ. ಎಣ್ಣೆ ಹಚ್ಚಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ ಎಂದು ನಿಮಗೆ ಹೇಳಿಕೊಟ್ಟವರು ಯಾರೋ, ಅವರು ಎಂದೂ ಎಣ್ಣೆ ಹಚ್ಚಿದವರಲ್ಲ.

ಆದ್ದರಿಂದ ನಂಬರ್ ಹಾರಿಸಬೇಡಿ. 80ರಿಂದ 120, ಅಲ್ಲಿಂದ 180, 240, 320. ಪ್ರತಿ ಹೆಜ್ಜೆಗೂ ಮುಂಚೆ ಬಟ್ಟಲಿನ ಒಳಮೈಗೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಅಷ್ಟೂ ಅಳಿಸಿ ಹೋಗುವ ತನಕ ಉಜ್ಜಿ. ಹಳೆಯ ಪೇಪರಿನಿಂದ ಉದುರಿದ ಒಂದೇ ಒಂದು 80ರ ಕಾಳು 240ರ ಕೆಲಸವನ್ನೆಲ್ಲ ಹಾಳು ಮಾಡಬಲ್ಲುದು, ಹಾಗಾಗಿ ಹೆಜ್ಜೆ ಬದಲಿಸುವಾಗ ಬ್ರಶ್ ಹಾಕಿ ಧೂಳು ತೆಗೆಯಿರಿ. ಲೇಥಿನ ವೇಗ ಇಳಿಸಿ. ಪೇಪರನ್ನು ಬಟ್ಟಲಿಗೆ ಒತ್ತಿ ಹಿಡಿದರೆ ಕೆಲಸ ಬೇಗ ಆಗುತ್ತದೆ ಎಂದು ತಿಳಿದಿದ್ದೀರಿ. ಆಗುವುದು ಬಿಸಿ ಮಾತ್ರ. ಎಳೆ ಕಡಿದ ಜಾಗಗಳಲ್ಲಿ ಆ ಬಿಸಿಗೆ ಕೂದಲಿನಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಪೇಪರಿನ ಹಿಂದಿನ ಬೆರಳು ಸುಡತೊಡಗಿದರೆ ಮರಕ್ಕೂ ಸುಡುತ್ತಿದೆ ಎಂದೇ ಅರ್ಥ.

ಬಟ್ಟಲಿನೊಳಗೆ ಎದುರುಬದುರಾಗಿ ಎರಡು ಜಾಗಗಳಿರುತ್ತವೆ, ನಿಮಗೆಲ್ಲ ಗೊತ್ತು. ಬಟ್ಟಲು ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿ ಎರಡು ಸಲ ಎಳೆಗೆ ಎದುರಾಗಿ ಹೋಗುತ್ತದೆ, ಅಲ್ಲಿ ನಾರು ಕತ್ತರಿಸಿಕೊಳ್ಳದೆ ಕಿತ್ತು ಬರುತ್ತದೆ. ಆ ಎರಡು ಒರಟು ಮಚ್ಚೆಗಳನ್ನು ತೆಗೆಯಲು ಎಲ್ಲರೂ ಅಲ್ಲೇ ನಿಂತು ಗಂಟೆಗಟ್ಟಲೆ ಉಜ್ಜುತ್ತೀರಿ. ಮಚ್ಚೆ ಹೋಗುತ್ತದೆ, ಆದರೆ ಅಕ್ಕಪಕ್ಕದ ಮೆತ್ತನೆಯ ಭಾಗ ಇನ್ನಷ್ಟು ಸವೆದು ಬಟ್ಟಲಿನ ದುಂಡು ಕೆಡುತ್ತದೆ. ಪೇಪರ್ ಕೆಳಗಿಟ್ಟು ಉಳಿಗೆ ಸಾಣೆ ಹಿಡಿಯಿರಿ. ಕೊನೆಯ ಎರಡು ಸುತ್ತುಗಳನ್ನು ಹರಿತ ಉಳಿಯಿಂದ ಕೂದಲೆಳೆಯಷ್ಟೇ ತೆಗೆಯುತ್ತ ಹೋದರೆ 80ರ ಪೇಪರೇ ಬೇಕಾಗುವುದಿಲ್ಲ, ನೇರ 120ರಿಂದ ಶುರು ಮಾಡಬಹುದು. ಟೂಲ್‌ರೂಮಿನಲ್ಲಿ ನಮಗೆ ಕಲಿಸಿದ್ದೂ ಅದೇ: ಗ್ರೈಂಡಿಂಗಿಗೆ ಬಿಡುವ ಮಾಲು ಕಡಿಮೆಯಿದ್ದಷ್ಟೂ ಲೇಥಿನವನು ಜಾಣ.

240 ಮುಗಿದ ಮೇಲೆ ಲೇಥ್ ನಿಲ್ಲಿಸಿ. ಟ್ಯೂಬ್‌ಲೈಟ್ ಆರಿಸಿ, ಒಂದು ಬಲ್ಬನ್ನು ಬಟ್ಟಲಿನ ಅಂಚಿನ ಮಟ್ಟಕ್ಕೆ ತಂದು, ಬೆಳಕು ಒಳಗೋಡೆಯ ಮೇಲೆ ಜಾರಿ ಹೋಗುವ ಹಾಗೆ ಹಿಡಿಯಿರಿ. ಸುತ್ತಲೂ ಉಂಗುರ ಉಂಗುರವಾಗಿ ಗೀರುಗಳಿದ್ದರೆ ಕಾಣುತ್ತವೆ. ಅವನ್ನು ಕೈಯಿಂದಲೇ, ಎಳೆ ಹೋದ ದಿಕ್ಕಿಗೆ ಉಜ್ಜಿ ತೆಗೆಯಿರಿ. ಬಳಿಕ ಒದ್ದೆ ಬಟ್ಟೆಯಿಂದ ಬಟ್ಟಲನ್ನೆಲ್ಲ ಒರೆಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮುಟ್ಟಿದರೆ ಎಳೆಗರುವಿನ ನಾಲಿಗೆಯ ಹಾಗೆ ತರಿತರಿ. ಒತ್ತಿ ಮಲಗಿದ್ದ ನಾರೆಲ್ಲ ನೀರು ಕುಡಿದು ಎದ್ದಿರುತ್ತದೆ. 320ರಿಂದ ಹಗುರವಾಗಿ ಒಂದೇ ಕೈ ಆಡಿಸಿ ಅದನ್ನು ಕತ್ತರಿಸಿ ತೆಗೆಯಿರಿ. ಈ ಕೆಲಸ ನೀವು ಮಾಡದಿದ್ದರೆ ಬಟ್ಟಲು ಕೊಂಡ ಮನೆಯಲ್ಲಿ ಮೊದಲ ಸಲ ತೊಳೆದಾಗ ಅದು ತಾನಾಗಿ ಆಗುತ್ತದೆ, ‘ನಯವಾಗಿತ್ತು, ಒಂದೇ ವಾರಕ್ಕೆ ಒರಟಾಯಿತು’ ಎಂದು ನಿಮಗೆ ಫೋನ್ ಬರುತ್ತದೆ. 400ಕ್ಕಿಂತ ಮೇಲೆ ಹೋಗುವುದು ಎಣ್ಣೆ ಹಚ್ಚುವ ಬಟ್ಟಲಿಗೆ ವ್ಯರ್ಥ ಎನ್ನುವುದು ನನ್ನ ಮತ. ಕನ್ನಡಿಯ ಹೊಳಪು ಬೇಕಾದವರು ಸ್ಟೀಲ್ ಬಟ್ಟಲು ಕೊಳ್ಳಲಿ.

ಮೂಗು–ಬಾಯಿಗೆ ಎನ್‌95 ಮುಖಗವಸು ಇಲ್ಲದೆ ಇದೊಂದನ್ನೂ ಮಾಡಬೇಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ಮೊದಲ ಗುಂಪಿಗೆ ಸೇರಿಸಿದೆ. ಬಾಲ್ಕನಿಯ ಕೆಳಗೆ ಬಟ್ಟೆ ಒಣಹಾಕುವ ನೆರೆಯವರ ಸಹನೆಯ ಪ್ರಶ್ನೆಯೂ ಉಂಟು.

ಇನ್ನು ಎಣ್ಣೆ. ನೀವೆಲ್ಲ ಎಡವುವುದು ಇಲ್ಲಿ.

ಎಣ್ಣೆ ಒಣಗುವುದು ಎಂದರೆ ನೀರಿನ ಹಾಗೆ ಆರಿ ಹೋಗುವುದಲ್ಲ. ಕೆಲವು ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ, ಒಳಗಿನ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಯಾವುದಕ್ಕೆ ಆ ಗುಣ ಎಷ್ಟಿದೆ ಎಂದು ಅಯೋಡಿನ್ ಮೌಲ್ಯ ಹೇಳುತ್ತದೆ. ತೆಂಗಿನೆಣ್ಣೆಗೆ ಅದು ಸುಮಾರು 10ರೊಳಗೆ, ಶೇಂಗಾ ಎಣ್ಣೆಗೆ 90ರ ಆಸುಪಾಸು, ಎಳ್ಳೆಣ್ಣೆಗೆ 110ರ ಸುತ್ತ, ಕುಸುಬೆಗೆ 140ರ ಸುತ್ತ, ಅಗಸೆಗೆ 170ಕ್ಕೂ ಮೇಲೆ. ನಂಬಿಕೆ ಬಾರದಿದ್ದರೆ ಒಂದು ಗಾಜಿನ ತುಂಡಿನ ಮೇಲೆ ಒಂದೊಂದು ಎಣ್ಣೆಯನ್ನು ಒಂದೊಂದು ಬೆರಳಿನಿಂದ ತೆಳ್ಳಗೆ ಸವರಿ, ಹೆಸರು ಬರೆದು ಕಿಟಕಿಯಲ್ಲಿಡಿ. ಕೆಲವು ವಾರ ಕಳೆದು ನೋಡಿದರೆ ತೆಂಗಿನೆಣ್ಣೆ ಹಚ್ಚಿದಾಗ ಇದ್ದಂತೆಯೇ ಇರುತ್ತದೆ. ಶೇಂಗಾ ಒದ್ದೆಯಾಗಿಯೇ ಉಳಿದು ಕಮಟು ವಾಸನೆಗೆ ತಿರುಗಿರುತ್ತದೆ. ಎಳ್ಳೆಣ್ಣೆ ಅತ್ತ ಒಣಗದೆ ಇತ್ತ ಹರಿಯದೆ ಜಿಗುಟಾಗಿರುತ್ತದೆ. ಅಗಸೆ ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುತ್ತದೆ.

ನಮ್ಮ ವಿಜಯಪುರ, ಬಾಗಲಕೋಟೆ, ಇತ್ತ ಸೊಲ್ಲಾಪುರದ ಕಪ್ಪು ನೆಲದಲ್ಲಿ ಬೆಳೆಯುವ ಕುಸುಬೆಯ ಎಣ್ಣೆಯೂ ಒಣಗುತ್ತದೆ, ಅಗಸೆಗಿಂತ ನಿಧಾನ, ಬಣ್ಣ ಕಡಿಮೆ ಹಳದಿಯಾಗುತ್ತದೆ. ಯುರೋಪಿನ ಚಿತ್ರಕಾರರು ಬಿಳಿ ಬಣ್ಣ ಅರೆಯಲು ಇದನ್ನು ಬಳಸುವುದು ಆ ಕಾರಣಕ್ಕೆ. ಪೇಶಾವರದ ಕಡೆ ಇದನ್ನೇ ತಾಸುಗಟ್ಟಲೆ ಕಾಯಿಸಿ ಗಟ್ಟಿ ರೋಗನ್ ಮಾಡಿ ಬಟ್ಟೆಯ ಮೇಲೆ ಚಿತ್ತಾರ ಬರೆಯುತ್ತಿದ್ದರು. ಊರಿನಿಂದ ಅಮ್ಮ ಕಳಿಸಿದ ಕುಸುಬಿ ಎಣ್ಣೆಯ ಡಬ್ಬಿ ಮನೆಯಲ್ಲಿದ್ದರೆ ಪ್ರಯತ್ನಿಸಿ ನೋಡಿ. ಒಂದೇ ಎಚ್ಚರ: ಒಲೀಯಿಕ್ ಆಮ್ಲ ಹೆಚ್ಚಿರುವ ಹೊಸ ತಳಿಗಳ ಎಣ್ಣೆ ಅಡುಗೆಗೆ ಒಳ್ಳೆಯದು, ಆದರೆ ಒಣಗುವುದಿಲ್ಲ. ಗಾಜಿನ ಪರೀಕ್ಷೆ ಮಾಡಿಯೇ ಬಟ್ಟಲಿಗೆ ಹಚ್ಚಿ.

ಅಗಸೆ ಎಣ್ಣೆ ಬೇಕೆಂದರೆ ಪೇಂಟ್ ಅಂಗಡಿಗೆ ಹೋಗಬೇಡಿ. ಅಲ್ಲಿ ‘ಡಬಲ್ ಬಾಯ್ಲ್ಡ್’ ಎಂದು ಕೊಡುವ ಡಬ್ಬಿಯಲ್ಲಿ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಹಿಂದೆ ಸೀಸವನ್ನೂ ಸೇರಿಸುತ್ತಿದ್ದರು. ಬಾಗಿಲು ಚೌಕಟ್ಟಿಗೆ ಅದು ಸರಿ. ಏನು ಬೆರೆಸಿದ್ದಾರೆಂದು ಡಬ್ಬಿಯ ಮೇಲೆ ಬರೆಯದ ಎಣ್ಣೆಯನ್ನು ಮಗು ಮೊಸರನ್ನ ತಿನ್ನುವ ಬಟ್ಟಲಿಗೆ ಹೇಗೆ ಹಚ್ಚುತ್ತೀರಿ? ಪುಣೆಯ ಬಡಾವಣೆ ಬಡಾವಣೆಗೂ ಈಗ ‘ಲಾಕಡೀ ಘಾಣಾ’ ಬೋರ್ಡ್ ಹಾಕಿದ ಗಾಣದ ಎಣ್ಣೆಯ ಅಂಗಡಿಗಳಿವೆ. ಅಲ್ಲಿ ಜವಸ್ ಎಂದು ಕೇಳಿದರೆ ತಿನ್ನುವ ಅಗಸೆ ಎಣ್ಣೆಯೇ ಸಿಗುತ್ತದೆ. ನಾವು ಅಗಸಿ ಚಟ್ನಿಪುಡಿ ಮಾಡಿಕೊಂಡು ರೊಟ್ಟಿಗೆ ನೆಂಚಿಕೊಳ್ಳುವ ಅದೇ ಕಾಳು.

ಇದಕ್ಕೆ ಲೋಹದ ಸಹಾಯ ಇಲ್ಲದ್ದರಿಂದ ಸಮಯ ಬೇಕು. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನು ಒಣ ಬಟ್ಟೆಯಿಂದ ಪೂರಾ ಒರೆಸಿ. ಒರೆಸುವುದರಲ್ಲೇ ಎಲ್ಲ ಇದೆ. ಅಂಟು ಬರುವುದು ಒರೆಸದ ಎಣ್ಣೆಯಿಂದ. ನಾಲ್ಕೈದು ದಿನ ಬಿಟ್ಟು ಮತ್ತೆ. ಹೀಗೆ ಮೂರ್ನಾಲ್ಕು ಸಲ. ಆಮೇಲೆ ಗಾಳಿ–ಬೆಳಕು ಎರಡೂ ಇರುವ, ಆದರೆ ನೇರ ಬಿಸಿಲು ಬೀಳದ ಕಡೆ ಒಂದು ತಿಂಗಳು ಇಡಿ. ಮಳೆಗಾಲವಾದರೆ ಇನ್ನೂ ಹೆಚ್ಚು. ಅಗಸೆಗೆ ಒಂದು ಮೀನಿನಂಥ ವಾಸನೆ ಇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಬಟ್ಟಲನ್ನಿಟ್ಟು ಬೆಳಗ್ಗೆ ಮುಚ್ಚಳ ತೆಗೆದು ಮೂಗು ಹಾಕಿ. ವಾಸನೆ ಬಂದರೆ ಇನ್ನೂ ಒಣಗಿಲ್ಲ. ಲೆಕ್ಕ ಹಾಕಿ ನೋಡಿ: ದೀಪಾವಳಿಗೆ ಮಾರುವ ಬಟ್ಟಲಿಗೆ ಕೊನೆಯ ಕೈ ಎಣ್ಣೆ ಗಣೇಶ ಚೌತಿಯೊಳಗೆ ಬೀಳಬೇಕು. ನೀವು ಕಡೆಯಲು ಶುರು ಮಾಡುವುದೇ ಗಣಪತಿ ವಿಸರ್ಜನೆಯ ಮಾರನೆಯ ದಿನ.

ಇಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಇದೆ. ಮಲಬದ್ಧತೆಗೆ ವೈದ್ಯರು ಕೊಡುವುದು ಅದನ್ನೇ, ಹಾಗಾಗಿ ಹೊಟ್ಟೆಗೆ ಹೋದರೆ ಅಪಾಯವಿಲ್ಲ. ಅದು ಎಂದೂ ಒಣಗುವುದಿಲ್ಲ, ಎಂದೂ ಕಮಟಾಗುವುದಿಲ್ಲ. ತೊಳೆದಂತೆಲ್ಲ ಹೋಗುತ್ತದೆ, ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಹಾಗೆಂದು ಚೀಟಿಯಲ್ಲಿ ಬರೆದರೆ ನನಗೇನೂ ತಕರಾರಿಲ್ಲ. ಅಕ್ರೋಟ್ ಎಣ್ಣೆ ಹಚ್ಚುವವರು ಮಾತ್ರ ಅದನ್ನು ದಪ್ಪಕ್ಷರದಲ್ಲಿ ಬರೆಯಲೇಬೇಕು, ಅಕ್ರೋಟ್ ಮೈಗೆ ಒಗ್ಗದವರು ಇರುತ್ತಾರೆ.

ಮೇಲೆ ಜೇನುಮೇಣ ತಿಕ್ಕುವ ಅಭ್ಯಾಸ ಒಳ್ಳೆಯದು. ಒಂದು ಪಾಲು ಮೇಣ, ನಾಲ್ಕು ಪಾಲು ಎಣ್ಣೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸುವುದು. ಶುದ್ಧ ಮೇಣದ ಬಗ್ಗೆ ಅನುಮಾನವಿದ್ದರೆ ನಮ್ಮೂರಲ್ಲೇ, ಗಣೇಶಖಿಂಡ ರಸ್ತೆಯಲ್ಲಿ, ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1962ರಿಂದ ಇದೆ. ಜೇನು ಸಾಕುವವರ ಪರಿಚಯ ಅಲ್ಲಿ ಆಗುತ್ತದೆ. ಆದರೆ ಮೇಣ ಕರಗುವುದು 62–64 ಡಿಗ್ರಿಗೆ. ಒಲೆಯಿಂದ ಇಳಿಸಿದ ಸಾರು ಅದಕ್ಕಿಂತ ಎಷ್ಟೋ ಬಿಸಿ. ವಿದೇಶಿ ವಿಡಿಯೊಗಳಲ್ಲಿ ಬಟ್ಟಲಿಗೆ ಬೀಳುವುದು ತಣ್ಣನೆಯ ಸೊಪ್ಪು, ಹಣ್ಣು. ನಮ್ಮ ಬಟ್ಟಲಿಗೆ ಅರಿಸಿನ, ಹುಣಸೆ, ಕುದಿಯುವ ಸಾರು, ಮೇಲೆ ಸ್ಟೀಲ್ ಉಜ್ಜುಗ. ಮೇಣದ ಬಟ್ಟಲಾದರೆ ಬಿಸಿ ಸಾರು ಬೇಡ ಎಂದು ಹೇಳಿ ಮಾರಿ. ಅರಿಸಿನದ ಕಲೆ ಯಾವ ಎಣ್ಣೆಗೂ ನಿಲ್ಲದು, ಬೆಳಕಿಗಿಟ್ಟರೆ ಮಾಸುತ್ತದೆ. ಜಾಲಿಯ ಬಟ್ಟಲನ್ನು ಒದ್ದೆ ಕಬ್ಬಿಣದ ಬಾಣಲೆಯ ಪಕ್ಕ ಇಟ್ಟರೆ ಕಪ್ಪು ಕಲೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ.

ಚನ್ನಪಟ್ಟಣದ ಹಾಗೆ ಅರಗು ಹಾಕೋಣವೇ ಎಂದು ಕೆಲವರು ಕೇಳುತ್ತೀರಿ. ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ತಿಕ್ಕಾಟದ ಬಿಸಿಗೇ ಕರಗಿಸಿ, ತಾಳೆಗರಿಯಿಂದ ಹೊಳಪು ತರುವುದು ನೋಡಲಿಕ್ಕೇ ಹಬ್ಬ. ಆದರೆ ಅರಗಿಗೂ ಬಿಸಿ ಆಗದು. ದ್ರಾಕ್ಷಿ, ಗೋಡಂಬಿ, ಕುಂಕುಮಕ್ಕೆ ಅರಗು. ಉಣ್ಣುವ ಬಟ್ಟಲಿಗೆ ಎಣ್ಣೆ.

ಎಣ್ಣೆ ಒರೆಸಿದ ಬಟ್ಟೆಗಳ ಬಗ್ಗೆ ಹೇಳದೆ ಬಿಟ್ಟರೆ ನನಗೆ ನಿದ್ದೆ ಬಾರದು. ಅಗಸೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟಲಿನ ಮೇಲೆ ಅದು ಗಾಳಿಗೆ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಳಗಿನ ಶಾಖಕ್ಕೆ ದಾರಿ ಸಿಗದೆ ಏರುತ್ತ ಹೋಗಿ, ಕೆಲವೇ ತಾಸುಗಳಲ್ಲಿ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಪಕ್ಕದಲ್ಲೇ ಒಣ ಹೊಟ್ಟಿನ ಗೋಣಿಚೀಲ. 2023ರ ಮೇ ತಿಂಗಳಲ್ಲಿ ಟಿಂಬರ್ ಮಾರ್ಕೆಟ್‌ನ ಗೋದಾಮುಗಳು ಉರಿದದ್ದನ್ನು ನೀವೂ ನೋಡಿದ್ದೀರಿ. ಅದಕ್ಕೂ ಎಣ್ಣೆ ಬಟ್ಟೆಗೂ ನಾನು ಗಂಟು ಹಾಕುತ್ತಿಲ್ಲ. ಮರಕ್ಕೆ ಬೆಂಕಿ ಹತ್ತಿದರೆ ಏನಾಗುತ್ತದೆ ಎಂದು ನೆನಪಿಸುತ್ತಿದ್ದೇನೆ, ಅಷ್ಟೆ. ನೀವಿರುವುದು ಹನ್ನೊಂದನೆಯ ಮಹಡಿಯಲ್ಲಿ. ಬಟ್ಟೆಯನ್ನು ಬಿಡಿಸಿ ಒಂಟಿ ಪದರವಾಗಿ ತಂತಿಗೆ ಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ.

ಕೊನೆಗೆ ಒಂದು ಆರ್ಡರ್. ಬಾಜೀರಾವ್ ರಸ್ತೆಯ ಕೇಳ್ಕರ್ ಮ್ಯೂಸಿಯಂಗೆ ನೀವೆಲ್ಲ ಒಮ್ಮೆಯಾದರೂ ಹೋಗಿರುತ್ತೀರಿ. ದಿನಕರ ಕೇಳ್ಕರರು ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಕಟ್ಟಿದ್ದು. ಅಡಕತ್ತರಿ, ದೀಪ, ಈಳಿಗೆಮಣೆ, ಜನ ದಿನಾ ಮುಟ್ಟುತ್ತಿದ್ದ ಸಾಮಾನುಗಳನ್ನು ಊರೂರು ಅಲೆದು ಕೂಡಿಸಿದವರು ಅವರು. ಅಲ್ಲಿನ ಮರದ ಸಾಮಾನುಗಳ ಅಂಚನ್ನು ಗಾಜಿನಾಚೆಯಿಂದಲೇ ನೋಡಿ, ಕೈ ಸವೆಸಿದ ನಯ ಬೇರೆಯೇ. ಜೋಳದ ರೊಟ್ಟಿಯ ಹಿಟ್ಟು ನಾದುವ ಮರದ ಕೊಣಮಿಗೆ ನಮ್ಮ ಊರಿನ ಮನೆಯಲ್ಲಿತ್ತು. ಇಲ್ಲಿನ ಮರಾಠಿ ಮನೆಗಳಲ್ಲಿ ಅದೇ ಕಾಥವಟ. ಅದಕ್ಕೆ ಯಾರೂ ಎಣ್ಣೆ ಹಚ್ಚಿದ್ದನ್ನು ನಾನು ಕಾಣೆ. ಬಿಸಿನೀರಿನ ಹಿಟ್ಟು, ಅಂಗೈ, ಆಮೇಲೆ ತೊಳೆದು ಗೋಡೆಗೆ ಒರಗಿಸಿಡುವುದು. ನಿಮ್ಮಲ್ಲಿ ಯಾರಾದರೂ ನನಗೊಂದು ಮಾಡಿಕೊಡಿ. ಜಾಲಿ ಮರದ್ದು, 14 ಇಂಚು ಅಗಲ, ತಳ ದಪ್ಪ, ಬಾಯಿ ಅಗಲ. ಪಿ240ರ ತನಕ ಉಜ್ಜಿ, ಒಂದು ಸಲ ನೀರು ತೋರಿಸಿ ನಾರು ತೆಗೆದು ಹಾಗೇ ಕೊಡಿ, ಎಣ್ಣೆ ಬೇಡ. ಬೇಸಿಗೆ ಕಳೆದ ಮೇಲೆ ಕೊಟ್ಟರೆ ಸಾಕು. ಬೆಲೆ ನೀವೇ ಹೇಳಿ, ಚೌಕಾಸಿ ಮಾಡುವುದಿಲ್ಲ.

ಇಂತಿ ನಿಮ್ಮವ,
ಟೂಲ್‌ರೂಮಿನ ಹಳಬ, ಪುಣೆ